ಹೆಸರು ಚೀಟಿ ಇಲ್ಲದ ತಂಬೂರಿ

ಕಹಿಸೋರೆಯ ಹೂ ಅರಳುವುದು ದನ ಮನೆಗೆ ತಿರುಗುವ ಹೊತ್ತಿಗೆ. ಭಾದ್ರಪದದ ಸಂಜೆ ಮಂಗಳವೇಢೆಯ ಕಡೆಯ ಭೀಮಾ ದಂಡೆಯಲ್ಲಿ ಕೂತರೆ ಇದನ್ನು ಪೂರ್ತಿ ನೋಡಬಹುದು. ಬಿಸಿಲು ಇಳಿದಂತೆ ಮೊಗ್ಗು ಸಡಿಲಾಗುತ್ತದೆ, ಸುಕ್ಕು ಬಿಚ್ಚಿಕೊಳ್ಳುತ್ತ ಐದು ಬಿಳಿ ಎಸಳು ಹರಡುತ್ತವೆ. ಮರುದಿನ ಹೊತ್ತೇರುವಷ್ಟರಲ್ಲಿ ಎಲ್ಲ ಬಾಡಿ ಮುದುಡಿರುತ್ತದೆ. ಒಂದೇ ರಾತ್ರಿಯ ಬಾಳು. ಕತ್ತಲಾದ ಮೇಲೆ ಉದ್ದ ಸೊಂಡಿಲಿನ ಹಾಕ್‌ಮಾತ್ ಪತಂಗ ಬರುತ್ತದೆ. ಹೂವಿನ ಮೇಲೆ ಕೂರುವುದಿಲ್ಲ, ಎದುರಿಗೆ ಗಾಳಿಯಲ್ಲೇ ನಿಂತು ಹೀರಿ ಮುಂದಿನದಕ್ಕೆ ಹೋಗುತ್ತದೆ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಬಳ್ಳಿ ಒಂದೇ. ಹೆಣ್ಣು ಹೂವಿನ ಕೆಳಗೆ ಹೆಬ್ಬೆರಳ ತುದಿಯಷ್ಟಿರುವ ಕಾಯಿ ಮೊದಲೇ ತಯಾರಿರುತ್ತದೆ, ಮೈತುಂಬ ನವಿರು ರೋಮ. ಪತಂಗ ಬರದಿದ್ದರೆ ಅದು ಹಳದಿ ತಿರುಗಿ ಉದುರುತ್ತದೆ. ಬಂದುಹೋದರೆ ಮುಂದೊಂದು ದಿನ ಅದರ ಮೇಲೆ ನಾಲ್ಕು ತಂತಿ ಏರಬಹುದು.

ಸಸ್ಯಶಾಸ್ತ್ರದವರು ಇದನ್ನು ಲ್ಯಾಜಿನೇರಿಯ ಸಿಸೆರೇರಿಯ ಅನ್ನುತ್ತಾರೆ. ಪಲ್ಯಕ್ಕೆ ತರುವ ಸೋರೆಕಾಯಿಯೂ ಇದೇ ಜಾತಿ. ಮೂಲ ಆಫ್ರಿಕ. ಒಣಗಿದ ಬುರುಡೆ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ತೇಲಿದರೂ ಒಳಗಿನ ಬೀಜ ಸಾಯುವುದಿಲ್ಲ. ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕ ಸೇರಿದ್ದು ಹೀಗೆ ತೇಲಿಕೊಂಡೇ ಎಂದು 2014ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಹೇಳುತ್ತದೆ. ವಾದ್ಯಕ್ಕೆ ಬೆಳೆಯುವುದು ಕಹಿ ತಳಿ. ಮನುಷ್ಯ ತಿನ್ನುವುದಿಲ್ಲ, ದನ ಮೂಸಿ ಬಿಡುತ್ತದೆ, ಹೀಗಾಗಿ ಹೊಲಕ್ಕೆ ದೊಡ್ಡ ಕಾವಲೂ ಬೇಕಿಲ್ಲ. ಕೀಟಗಳಿಗೆ ಮಾತ್ರ ಕಹಿಯ ಅಂಜಿಕೆ ಇಲ್ಲ. ಕೆಂಪು ದುಂಬಿ ಎಳೆಯ ಎಲೆಯನ್ನು ಜರಡಿ ಮಾಡುತ್ತದೆ. ಹಣ್ಣುನೊಣ ಎಳೆಗಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದಲ್ಲಿ ಅಂಟು ಒಸರಿ ಗಟ್ಟಿಯಾಗುತ್ತದೆ. ಹೆಚ್ಚಿನವು ಕೊಳೆತು ಹೋಗುತ್ತವೆ, ಬದುಕಿದ ಕಾಯಿಯ ಮೈಮೇಲೆ ಅಲ್ಲಿ ಸಣ್ಣ ಕುಳಿಯೋ ಗಂಟೋ ಉಳಿದುಬಿಡುತ್ತದೆ. ಈ ಗಾಯದ ಗುರುತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಂಢರಪುರ, ಮಂಗಳವೇಢೆ, ಬೇಗಂಪುರದ ಸುತ್ತಲಿನ ರೈತರು ಈ ಕಾಯಿಯನ್ನು ಮಗುವಿನಂತೆ ಮಲಗಿಸಿ ಎಬ್ಬಿಸಿ ಬೆಳೆಸುತ್ತಾರೆ. ಬಿಟ್ಟಲ್ಲೇ ಬಿಟ್ಟರೆ ನೆಲಕ್ಕೆ ತಾಗಿದ ಮಗ್ಗುಲು ಚಪ್ಪಟೆಯಾಗುತ್ತದೆ, ಬಣ್ಣವೂ ಬೆಳ್ಳಗೆ ಉಳಿಯುತ್ತದೆ. ಅದಕ್ಕೇ ಕೆಳಗೆ ಹುಲ್ಲು ಹಾಸಿ, ಕಾಯಿಯನ್ನು ನೆಟ್ಟಗೆ ಕೂರಿಸಿ, ದುಂಡಗಾಗುವ ಹಾಗೆ ನೋಡಿಕೊಳ್ಳುತ್ತಾರೆ. ತೊಟ್ಟು ಒಣಗುವವರೆಗೆ ಬಳ್ಳಿಯಿಂದ ಬಿಡಿಸುವುದಿಲ್ಲ. ಸೊಲ್ಲಾಪುರದಲ್ಲಿ ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆಯ ನಂದಿಧ್ವಜ ಏಳುವ ಹೊತ್ತಿಗೆ ಇಲ್ಲಿ ಕಾಯಿಗಳು ಬಿಸಿಲಿಗೆ ಬಿದ್ದಿರುತ್ತವೆ. ಒಣಗುವಾಗ ಮೈಮೇಲೆ ಬೂಷ್ಟು ಕಪ್ಪಾಗಿ ಹರಡುತ್ತದೆ. ನೋಡಿದವರು ಕೆಟ್ಟಿತು ಅಂದುಕೊಳ್ಳುತ್ತಾರೆ, ಆದರೆ ಅದು ಮೇಲ್ಪೊರೆಯ ಮೇಲಿನ ಆಟ. ಕೆರೆದು ತೊಳೆದರೆ ಒಳಗೆ ಮರದಂಥ ಚಿಪ್ಪು. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಒಣಗಿದೆ ಎಂದು ಲೆಕ್ಕ.

ಇಲ್ಲಿಂದ ಬುರುಡೆ ಹೋಗುವುದು ಮುಖ್ಯವಾಗಿ ಮಿರಜಕ್ಕೆ. 19ನೇ ಶತಮಾನದ ಮಧ್ಯದವರೆಗೂ ಕತ್ತಿ, ಭಲ್ಲೆಗಳಿಗೆ ಸಾಣೆ ಹಿಡಿಯುತ್ತಿದ್ದ ಅಲ್ಲಿನ ಶಿಕಲಗಾರರು ಆಯುಧದ ಕೆಲಸ ಕಡಿಮೆಯಾದಂತೆ ತಂತಿವಾದ್ಯದ ದುರಸ್ತಿಗೆ ಕೈಹಾಕಿ, ಆಮೇಲೆ ತಾವೇ ಮಾಡತೊಡಗಿದರು. ಫರೀದಸಾಹೇಬರ ಹೆಸರನ್ನು ಆ ಓಣಿಯಲ್ಲಿ ಈಗಲೂ ಮೊದಲು ಹೇಳುತ್ತಾರೆ. ಅವರ ಪೀಳಿಗೆಯವರ ಅಡ್ಡಹೆಸರೇ ಸಿತಾರಮೇಕರ ಎಂದಾಯಿತು. ಗಾಯಕ ಅಬ್ದುಲ್ ಕರೀಂಖಾನರು ಮಿರಜದಲ್ಲೇ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಮೇಲೆ ಅವರನ್ನು ಮಣ್ಣು ಮಾಡಿದ್ದೂ ಅಲ್ಲೇ. ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಅವರ ಹತ್ತಿರ ಕಲಿತದ್ದೂ ಮಿರಜದಲ್ಲಿ. ಧಾರವಾಡ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ, ಸೊಲ್ಲಾಪುರದ ಹಾಡುಗಾರರಿಗೆಲ್ಲ ತಂಬೂರಿಯ ಊರು ಅಂದರೆ ಅದೇ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಬಂತು. ಇನ್ನು ಮುಂದಿನವಕ್ಕೆ ಗುರುತಿನ ಚೀಟಿ ಇರುತ್ತದೆ. ಅಟ್ಟದ ಮೇಲಿರುವ ಹಳೆಯವಕ್ಕೆ ಯಾರು ಕೊಡಬೇಕು?

ಸೊಲ್ಲಾಪುರ, ಅಕ್ಕಲಕೋಟೆಯ ಮನೆಗಳಲ್ಲಿ, ಮಠಗಳಲ್ಲಿ, ಭಜನಾ ಮಂಡಳಿಗಳಲ್ಲಿ ನಾನು ನೋಡಿದ ಹಳೆಯ ತಂಬೂರಿಗಳಲ್ಲಿ ಬಹಳಷ್ಟಕ್ಕೆ ಹೆಸರಿಲ್ಲ. ಕೊಂಡವನು ಮಾಡಿದವನ ಮುಂದೆಯೇ ಕೂತು ಮಾಡಿಸಿಕೊಂಡಾಗ ಚೀಟಿ ಯಾರಿಗೆ ಬೇಕಿತ್ತು? ಇನ್ನು ಚೀಟಿ ಇದ್ದವೂ ಪೂರ್ತಿ ನಂಬುವಂಥವಲ್ಲ. ದುರಸ್ತಿ ಮಾಡಿದ ಅಂಗಡಿಯವನು ತನ್ನದನ್ನು ಅಂಟಿಸಿರುತ್ತಾನೆ. ಕಾಗದ ಹಳೆಯದಾಗಿ ಕಾಣಲು ಚಹಾದ ನೀರು ಸಾಕು. ಹಣ್ಣುನೊಣದ ಗಾಯವನ್ನು ಯಾರೂ ಅಂಟಿಸಲಾರರು.

ಅಕ್ಕಲಕೋಟೆಯ ಹಳೆಯ ಓಣಿಯೊಂದರ ಮಾಳಿಗೆ ಮನೆ. ಅಟ್ಟದಿಂದ ಇಳಿಸಿ, ಕಂಬಳಿ ಹಾಸಿ, ಅದರ ಮೇಲೆ ಮಲಗಿಸಿದರು. ಎದೆಯೆತ್ತರ ಮೀರಿದ ಗಂಡು ತಂಬೂರಿ, ತಂತಿ ಇಲ್ಲ, ಬೆನ್ನಿಗೆ ಕುಂಬಾರ ಕಣಜದ ಮಣ್ಣಿನ ಗೂಡು. ಗೂಡಿನ ಬಾಯಿ ತೆರೆದಿತ್ತು, ಮರಿ ಹಾರಿಹೋಗಿ ಎಷ್ಟು ಕಾಲವಾಯಿತೋ.

“ಇದು ವಾಡೇದಾಗಿಂದ ಬಂದದ್ದರೀ. ರಾಜರ ಕಾಲದ್ದು,” ಅಂದರು ಮನೆಯ ಹಿರಿಯರು.

ಅಕ್ಕಲಕೋಟೆ 1948ರವರೆಗೆ ಭೋಸಲೆಯವರ ಸಂಸ್ಥಾನವಾಗಿತ್ತು. ಅರಮನೆಗೆ ಹಾಡುಗಾರರು ಬರುತ್ತಿದ್ದ ಕಾಲ, ಆದ್ದರಿಂದ ಮಾತು ಸುಳ್ಳೇ ಆಗಬೇಕೆಂದಿಲ್ಲ. ಆದರೆ ಈ ಸೀಮೆಯಲ್ಲಿ ಅರಮನೆಯಿಂದ ಬಂದ ವಸ್ತುಗಳನ್ನೆಲ್ಲ ಒಟ್ಟು ಮಾಡಿದರೆ ಅರಮನೆಯೇ ಸಾಲುವುದಿಲ್ಲ. ಸೊಲ್ಲಾಪುರದ ಉತ್ತರಕ್ಕೆ ನಾನ್ನಜದ ಹುಲ್ಲುಗಾವಲಿದೆ, ಎರೆಭೂತ ಹಕ್ಕಿಗೆಂದು 1979ರಲ್ಲಿ ಅಭಯಾರಣ್ಯವಾದದ್ದು. ಅಲ್ಲಿ ದುರ್ಬೀನು ಹಿಡಿದು ತಿರುಗಿದವರಿಗೆ ಒಂದು ಅನುಭವ ಇದ್ದೇ ಇರುತ್ತದೆ: ಎರೆಭೂತ ಕಾಣಲೇಬೇಕು ಎಂದು ಹೋದ ದಿನ ದೂರದ ಪ್ರತಿ ಮಣ್ಣಹೆಂಟೆಗೂ ಕುತ್ತಿಗೆ ಮೂಡುತ್ತದೆ. ಆದಕಾರಣ ಕಥೆಯನ್ನು ಪುಸ್ತಕದ ಎಡಪುಟದಲ್ಲಿ ಬರೆದುಕೊಂಡು, ಬಲಪುಟವನ್ನು ಕಣ್ಣಿಗೆ ಕಂಡದ್ದಕ್ಕೆ ಮೀಸಲಿಡುವುದು ನನ್ನ ರೂಢಿ.

ಬಲಪುಟದ ಮೊದಲ ಸಾಲು ಸುಲಭ. ಹೊಟ್ಟೆ ಬುರುಡೆಯದೋ ಮರದ್ದೋ? ತಂಜಾವೂರಿನ ಕಡೆಯ ತಂಬೂರಿಯಾದರೆ ಹಲಸಿನ ಮರ ಕೊರೆದ ಹೊಟ್ಟೆ. ಇದು ಬುರುಡೆ. ಹಾಗೆಂದ ಮಾತ್ರಕ್ಕೆ ಮಿರಜ ಅನ್ನಲಾಗದು, ಬುರುಡೆ ಮಾರಾಟದ ಸರಕು, ದುಡ್ಡು ಕೊಟ್ಟವನ ಊರಿಗೆ ಹೋಗುತ್ತದೆ.

ಕಿಟಕಿಯ ಬೆಳಕಿಗೆ ಬೆನ್ನು ತಿರುಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಇಟ್ಟುಕೊಂಡೆ. ನೇರ ಬೆಳಕಿನಲ್ಲಿ ಪಾಲಿಶಿನ ಹೊಳಪು ಬಿಟ್ಟು ಏನೂ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಬುರುಡೆಯ ಮೈ ಎದ್ದು ಬಂತು. ಎಡಮಗ್ಗುಲು ಬಲಮಗ್ಗುಲಿಗಿಂತ ಕೂದಲೆಳೆಯಷ್ಟು ಚಪ್ಪಟೆ: ಕಾಯಿ ಕೆಲವು ದಿನ ಆ ಮಗ್ಗುಲಲ್ಲಿ ಮಲಗಿತ್ತು, ಆಮೇಲೆ ಯಾರೋ ಎಬ್ಬಿಸಿ ಕೂರಿಸಿದ್ದಾರೆ. ಹೂ ಉದುರಿದ ಜಾಗದ ಹೊಕ್ಕುಳು ಕೊಯ್ತಕ್ಕೆ ಸಿಗದೆ ಉಳಿದಿತ್ತು. ಅದರಿಂದ ನಾಲ್ಕು ಬೆರಳು ಆಚೆ ಸಾಸಿವೆಗಿಂತ ಚೂರು ದೊಡ್ಡ ಕುಳಿ, ಸುತ್ತ ಉಬ್ಬಿದ ಅಂಚು. ಪಾಲಿಶು ಕುಳಿಯೊಳಗೂ ಇಳಿದಿತ್ತು. ಅಂದರೆ ಗಾಯ ಪಾಲಿಶಿಗಿಂತ ಹಳೆಯದು, ಬಳ್ಳಿಯ ಮೇಲಿದ್ದಾಗಿನದು. ಬುರುಡೆ ನಿಜವಾದದ್ದೇ, ಹೊಲದಲ್ಲೇ ಬೆಳೆದದ್ದು. ಇದನ್ನು ಬೇರೆ ಹೇಳಬೇಕೇ ಎಂದು ಕೇಳಬಹುದು. ಹೇಳಬೇಕು. ಫೈಬರಿನ ಬುರುಡೆಗಳೂ ಈಗ ಇವೆ. ಬಣ್ಣ ಬಳಿದ ಮೇಲೆ ಅವು ಬಹಳ ಚಂದ ದುಂಡಗಿರುತ್ತವೆ. ಅವುಗಳ ದೋಷ ಅದೇ.

ಮೇಲಿನ ಹಲಗೆಗೆ ತಬಲಿ ಅನ್ನುತ್ತಾರೆ. ಮರ ತುನ್. ನಸುಗೆಂಪು, ಹಗುರ, ಉಗುರಿನಿಂದ ಒತ್ತಿದರೆ ಗೆರೆ ಬೀಳುವಷ್ಟು ಮಿದು. ತುನ್ ಚಳಿಗಾಲದಲ್ಲಿ ಎಲೆ ಉದುರಿಸುವ ಮರ. ವರ್ಷದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು, ಆಮೇಲೆ ಸಣ್ಣವು, ಹೀಗಾಗಿ ಉಂಗುರ ಸ್ಪಷ್ಟ. ತಬಲಿಯ ಅಂಚಿನಲ್ಲಿ ದುಂಡು ತೂತುಗಳ ಗುಂಪಿತ್ತು, ಗುಂಡುಸೂಜಿಯ ತಲೆಯಷ್ಟು. ಪುಡಿದುಂಬಿಯ ಕೆಲಸ. ಈ ದುಂಬಿ ಒಳಗೆ ಮರಿಯಾಗಿ ಪಿಷ್ಟ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಮೇಲ್ಮೈಗೆ ನೆಟ್ಟಗೆ ಕೊರೆದು ಹೊರಬೀಳುತ್ತದೆ. ಆದ್ದರಿಂದ ಮುಗಿದ ವಾದ್ಯದ ಮೇಲೆ ಕಾಣಬೇಕಾದದ್ದು ದುಂಡು ತೂತು ಮಾತ್ರ. ಮೇಲ್ಮೈಯಲ್ಲಿ ಅರ್ಧ ಸೀಳಿದ ಕಾಲುವೆ ಉದ್ದುದ್ದ ಕಂಡರೆ ಕಥೆಯೇ ಬೇರೆ: ಹುಳು ತಿಂದ ಹಳೆಯ ಮರವನ್ನು ಆಮೇಲೆ ಯಾರೋ ಉಜ್ಜುಗೊರಡು ಹಾಕಿ ಕೆತ್ತಿದ್ದಾರೆ. ಹಳೆಯ ತೊಲೆ, ಬಾಗಿಲುವಾಡದಿಂದ ‘ಹಳೆಯ’ ವಾದ್ಯ ಹುಟ್ಟುವುದು ಹೀಗೆ. ಇಲ್ಲಿ ಎಲ್ಲ ದುಂಡು. ಒಳಗೆ ಕಪ್ಪು ಜಿಡ್ಡು ತುಂಬಿತ್ತು. ತಟ್ಟಿದರೆ ಬೆಳ್ಳಗಿನ ಹಿಟ್ಟು ಉದುರಲಿಲ್ಲ. ದುಂಬಿ ಬಿಟ್ಟುಹೋಗಿ ಬಹಳ ಕಾಲವಾಗಿದೆ.

ತಬಲಿಯ ಅಂಚಿನ ಬಿಳಿ ಪಟ್ಟಿಯ ಮೇಲೆ ಮನೆಯವರಿಗೆ ಬಹಳ ಅಭಿಮಾನ. ಆನೆದಂತ ಅಂದರು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ದಂತವಾದರೆ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಹಾಯುವ ಕಮಾನು ಗೆರೆಗಳ ಬಲೆ ಇರುತ್ತದೆ. ಎಲುಬಾದರೆ ರಕ್ತನಾಳ ಹರಿದಿದ್ದ ಸಣ್ಣ ಕಪ್ಪು ಚುಕ್ಕೆಗಳು. ಇಲ್ಲಿ ಎರಡೂ ಇರಲಿಲ್ಲ, ಒಂದೇ ಸಮ ಹಳದಿ ತಿರುಗಿದ ನುಣುಪು, ಮೂಲೆಯಲ್ಲಿ ಚೌಕಚೌಕ ಬಿರುಕು. ಬಟ್ಟೆಯಿಂದ ತಿಕ್ಕಿ ಬಿಸಿ ಮಾಡಿ ಮೂಸಿದರೆ ಕರ್ಪೂರ. ಸೆಲ್ಯುಲಾಯ್ಡ್. ಹತ್ತಿಯ ಸೆಲ್ಯುಲೋಸಿಗೆ ನೈಟ್ರಿಕ್ ಆಮ್ಲ, ಅದಕ್ಕೆ ಕರ್ಪೂರ ಸೇರಿಸಿ ಮಾಡುವ ವಸ್ತು, ಸಿನಿಮಾ ರೀಲೂ ಒಂದು ಕಾಲಕ್ಕೆ ಇದರದೇ. ಬೆಂಕಿಕಡ್ಡಿ ತಾಗಿಸಿ ಪರೀಕ್ಷೆ ಮಾಡುವವರೂ ಇದ್ದಾರೆ. ಭಗ್ಗೆಂದು ಹತ್ತಿಕೊಳ್ಳುವ ವಸ್ತುವಿನ ಮೇಲೆ ಆ ಪರೀಕ್ಷೆ ಬೇಡ. ಮನೆಯವರ ಮುಖ ಸಣ್ಣದಾಯಿತು. ನನಗೆ ಸಮಾಧಾನವೇ ಆಯಿತು. 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ, 1991ರಲ್ಲಿ ಆದ ತಿದ್ದುಪಡಿಗಳ ನಂತರ ದಂತವನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ದಂತವಾಗಿದ್ದರೆ ತಂಬೂರಿ ಮನೆಯಲ್ಲೇ ತೊಡಕಾಗಿ ಕೂರುತ್ತಿತ್ತು.

ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚು ಹಿಡಿದಾಗ ಮೈಯೆಲ್ಲ ಕಿತ್ತಳೆ ಬಣ್ಣಕ್ಕೆ ಮಿನುಗಿತು, ಅಂದರೆ ಅರಗಿನ ಪಾಲಿಶು. ದಂಡಿ ಬುರುಡೆಗೆ ಸೇರುವಲ್ಲಿ ಮಾತ್ರ ಕೈಯಗಲದ ಪಟ್ಟಿ ಕಪ್ಪಾಗಿಯೇ ಉಳಿಯಿತು. ಅಲ್ಲಿ ಬೇರೆ ವಾರ್ನಿಶು ಬಿದ್ದಿದೆ. ಅದೇ ಜಾಗದಲ್ಲಿ ಕೆತ್ತಿದ ಎಲೆಯೊಂದರ ಕೆಳಗೆ ತಲೆಯಲ್ಲಿ ಅಧಿಕ ಚಿಹ್ನೆಯಿರುವ ಸ್ಕ್ರೂ. ಫಿಲಿಪ್ಸ್ ಸ್ಕ್ರೂ ಹುಟ್ಟಿದ್ದೇ 1930ರ ದಶಕದ ಅಮೆರಿಕದಲ್ಲಿ. ಅದು ಅಕ್ಕಲಕೋಟೆ ತಲುಪುವಷ್ಟರಲ್ಲಿ ಸಂಸ್ಥಾನವೇ ಇರಲಿಕ್ಕಿಲ್ಲ. ಬಿರಡೆಗಳು ನಾಲ್ಕು, ಮೂರು ಒಂದೇ ಕೈಯವು, ನಾಲ್ಕನೆಯದು ಬೇರೆ ಮರ. ತಂತಿ ಹೊರುವ ಕುದುರೆ ಕೊಂಬಿನದು, ಬಹಳ ತಗ್ಗು. ತಂತಿ ಉಜ್ಜಿ ಉಜ್ಜಿ ಕುದುರೆಯ ಮೇಲೆ ಗೀರು ಬಿದ್ದಾಗ ಜವಾರಿ ಕೆಡುತ್ತದೆ, ನಾದದ ಝೇಂಕಾರ ಸಾಯುತ್ತದೆ. ಆಗ ಒರೆಸಿ ಮತ್ತೆ ಜವಾರಿ ತೆಗೆಯುತ್ತಾರೆ. ಪ್ರತಿ ಸಲ ಕುದುರೆ ಸ್ವಲ್ಪ ಸವೆಯುತ್ತದೆ. ಈ ತಂಬೂರಿಯನ್ನು ಅಲಂಕಾರಕ್ಕೆ ಇಟ್ಟಿರಲಿಲ್ಲ, ಯಾರೋ ವರ್ಷಗಟ್ಟಲೆ ಇದರ ಜೊತೆ ಹಾಡಿದ್ದಾರೆ. ಬೆರಳು ಆಡುವ ಜಾಗದಲ್ಲಿ ದಂಡಿಯ ಪಾಲಿಶು ಹೋಗಿ ಮರ ಕನ್ನಡಿಯಾಗಿತ್ತು. ನನಗೆ ಅರಮನೆಯ ಕಥೆಗಿಂತ ಆ ಸವೆತ ಹೆಚ್ಚು ಬೆಲೆಯದ್ದು.

ಹೆಸರಿಲ್ಲದ ವಾದ್ಯದ ಮೂಲ ಹುಡುಕುವ ಈ ಕೆಲಸ ನಮ್ಮಲ್ಲಿ ಒಬ್ಬಿಬ್ಬರ ಹುಚ್ಚು. ಫ್ರಾನ್ಸಿನ ಜಿಪ್ಸಿ ಜಾಝ್ ಗಿಟಾರುಗಳ ಸುತ್ತ ಇದು ಒಂದು ವಿದ್ಯೆಯಾಗಿಯೇ ಬೆಳೆದಿದೆ. ಮಾರಿಯೊ ಮಕ್ಕಫೆರ್ರಿ ರೂಪಿಸಿದ ಗಿಟಾರನ್ನು ಪ್ಯಾರಿಸ್ಸಿನ ಸೆಲ್ಮರ್ ಕಂಪನಿ 1932ರಿಂದ 1952ರವರೆಗೆ ಮಾಡಿತು, ಒಟ್ಟು ಸಾವಿರವನ್ನೂ ಮುಟ್ಟಲಿಲ್ಲ. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಕೈಕೊಟ್ಟ ಮೇಲೂ ಜ್ಯಾಂಗೊ ರೈನ್‌ಹಾರ್ಟ್ ನುಡಿಸಿದ್ದು ಇದನ್ನೇ. ಅವನ ಜನ ರೋಮಾ. ಸಾವಿರ ವರ್ಷದ ಕೆಳಗೆ ನಮ್ಮ ವಾಯವ್ಯ ದಿಕ್ಕಿನಿಂದ ಹೊರಟವರು. ಸೆಲ್ಮರಿನ ಮಾದರಿಯಲ್ಲಿ ಬುಸಾತೊ, ದಿ ಮೌರೊ, ಫವಿನೊ ಮುಂತಾದ ಇಟಲಿ ಮೂಲದ ಕುಶಲಿಗರು ಪ್ಯಾರಿಸ್ಸಿನಲ್ಲಿ ಗಿಟಾರು ಮಾಡಿದರು. ಅಂಗಡಿಗಳು ತಮ್ಮ ಹೆಸರಿನಲ್ಲಿ ಮಾರಿದ್ದೂ ಉಂಟು, ಚೀಟಿಯೇ ಇಲ್ಲದೆ ಮಾರಿದ್ದೂ ಉಂಟು. ಈಗ ಅಂಥದೊಂದು ಕೈಗೆ ಬಂದರೆ ಬಾಯಿಯೊಳಗೆ ಸಣ್ಣ ಕನ್ನಡಿ ಇಳಿಸಿ ಒಳಗಿನ ಪಟ್ಟಿಗಳ ಸಾಲು, ಬೆನ್ನಿನ ಪದರ, ಬಾಲದ ಲೋಹದ ತಗಡು, ಅಂಟಿನ ಬಣ್ಣ ಎಲ್ಲ ನೋಡುತ್ತಾರೆ. ಬಾಯಿ ಮೊಟ್ಟೆಯಾಕಾರವೋ ಇಂಗ್ಲಿಷಿನ ಡಿ ಅಕ್ಷರದ ಆಕಾರವೋ ಎನ್ನುವುದು ಪ್ರಾಥಮಿಕ ಶಾಲೆಯ ಪಾಠ.

ಅವರಿಗೊಂದು ಅನುಕೂಲವಿದೆ. ಅವರ ಮೇಲ್ಹಲಗೆ ಸ್ಪ್ರೂಸ್ ಮರದ್ದು. ಯುರೋಪಿನ ಸ್ಪ್ರೂಸ್ ಉಂಗುರಗಳ ಪಂಚಾಂಗ ಶತಮಾನಗಳ ಹಿಂದಿನವರೆಗೆ ಸಿದ್ಧವಿದೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದ ‘ಮೆಸ್ಸಾಯ’ ವಯೊಲಿನ್ ನಿಜವಾಗಿ 1716ರ ಸ್ಟ್ರಾಡಿವಾರಿಯದೋ ಅಲ್ಲವೋ ಎಂಬ ಜಗಳಕ್ಕೆ ಉಂಗುರ ಎಣಿಸುವವರನ್ನೇ ಕರೆಯಬೇಕಾಯಿತು. ಅವರ ಲೆಕ್ಕ ವಯೊಲಿನ್ನಿನ ಪರವಾಗಿ ಬಂತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ತೇಗದ ಉಂಗುರಗಳಿಂದ ಹಳೆಯ ಮಳೆಗಾಲಗಳನ್ನು ಓದಿದ್ದಾರೆ. ಆದರೆ ಬುರುಡೆಗೆ ಉಂಗುರವೆಲ್ಲಿ? ಒಂದು ಮಳೆಗಾಲದಲ್ಲಿ ಹುಟ್ಟಿ ಚಳಿಗಾಲಕ್ಕೆ ಮುಗಿಯುವ ಹಣ್ಣು.

ಅದೇ ಅದರ ಗುಣವೂ ಹೌದು ಎಂದು ನನಗೆ ಹೊಳೆದದ್ದು ನಿಧಾನವಾಗಿ. 1950ರ ದಶಕದಲ್ಲಿ ದೊಡ್ಡ ದೇಶಗಳು ಬಯಲಿನಲ್ಲೇ ಅಣುಬಾಂಬು ಸಿಡಿಸುತ್ತ ಹೋದವು. ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಏರುತ್ತ ಹೋಗಿ 1963ರ ಆಸುಪಾಸು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆ ವರ್ಷ ಒಪ್ಪಂದವಾಗಿ ಬಯಲು ಸ್ಫೋಟಗಳು ಬಹುಮಟ್ಟಿಗೆ ನಿಂತ ಮೇಲೆ ಪ್ರಮಾಣ ಮೆಲ್ಲಗೆ ಇಳಿಯಿತು. ಭೀಮಾ ದಂಡೆಯ ಸೋರೆಬಳ್ಳಿಯೂ ಉಸಿರಾಡಿದ್ದು ಅದೇ ಗಾಳಿಯನ್ನು. ಒಂದೇ ಹಂಗಾಮಿನ ವಸ್ತುವಾದ್ದರಿಂದ ಅದರೊಳಗಿನ ಕಾರ್ಬನ್ ಆ ವರ್ಷದ್ದೇ. ಹಲಗೆಯಲ್ಲಾದರೆ ಹತ್ತಾರು ವರ್ಷ ಬೆರೆತಿರುತ್ತವೆ. ಒಳಮೈಯಿಂದ ಕೆರೆದ ಕೆಲವು ಮಿಲಿಗ್ರಾಂ ಪುಡಿ ಸಾಕು. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸೆಲರೇಟರ್ ಸೆಂಟರಿನಲ್ಲಿ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಯಂತ್ರಗಳಿವೆ. ಬಾಂಬಿನ ನಂತರದ ಬುರುಡೆಯಾದರೆ ಕೆಲವೇ ವರ್ಷಗಳ ಅಂತರದಲ್ಲಿ ಉತ್ತರ ಸಿಗಬೇಕು. ಏರಿಕೆಯ ಕಡೆಯೊಂದು, ಇಳಿಕೆಯ ಕಡೆಯೊಂದು, ಹೀಗೆ ಎರಡು ಇಸವಿ ಬರಬಹುದು, ಸ್ಕ್ರೂ ವಾರ್ನಿಶು ನೋಡಿ ಒಂದನ್ನು ಬಿಡಬೇಕು. ಅದಕ್ಕಿಂತ ಹಳೆಯದಾದರೆ ವಿಧಾನ ಮಂಕಾಗುತ್ತದೆ. 17ನೇ ಶತಮಾನದಿಂದ 1950ರವರೆಗಿನ ವಸ್ತುಗಳನ್ನು ಕಾರ್ಬನ್ ಸರಿಯಾಗಿ ಬೇರ್ಪಡಿಸದು, “ಬಾಂಬಿಗಿಂತ ಮೊದಲು” ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅರಮನೆಯ ಕಥೆಯನ್ನು ತೂಗಲು ಅಷ್ಟೇ ಬೇಕಾದದ್ದು. ಮನೆ ತಂಬೂರಿಗೆ ಈ ಖರ್ಚು ಸಲ್ಲದು. ದೊಡ್ಡ ಹಾಡುಗಾರರದು ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟವಕ್ಕೆ ಸಲ್ಲುತ್ತದೆ, ಅಲ್ಲಿ ಯಾರೂ ಮಾಡಿಸುವುದಿಲ್ಲ.

ಬುರುಡೆಯ ಇಸವಿ ಸಿಕ್ಕರೂ ಅದು ಬುರುಡೆಯದು ಮಾತ್ರ. ಬುರುಡೆ ಒಡೆಯುವ ವಸ್ತು. ಸೊಲ್ಲಾಪುರದ ಬೇಸಗೆ 40 ಡಿಗ್ರಿ ದಾಟಿದಾಗ ತಬಲಿ ಒಣಗಿ ಅಡ್ಡಕ್ಕೆ ಕುಗ್ಗುತ್ತದೆ, ಅಂಟು ಬಿಡುತ್ತದೆ. ಮಕ್ಕಳು ಎಡವುತ್ತಾರೆ, ಬಸ್ಸಿನ ಮೇಲೆ ಕಟ್ಟಿದ್ದು ಉರುಳುತ್ತದೆ. ಹಳೆಯ ದಂಡಿಗೆ ಹೊಸ ಬುರುಡೆ ಕೂರಿಸುವುದು ಮಿರಜದಲ್ಲಿ ದಿನನಿತ್ಯದ ಕೆಲಸ.

ಇಷ್ಟೆಲ್ಲ ತಾಪತ್ರಯವಿಲ್ಲದ ವಾದ್ಯವೊಂದು ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿದೆ. ಅಮಾವಾಸ್ಯೆಯ ಭಜನೆಗೆ ತತ್ವಪದ ಹಾಡುವವರ ಏಕತಾರಿ. ಹಿತ್ತಲ ಬೇಲಿಗೆ ಹಬ್ಬಿದ ಬಳ್ಳಿಯ ಸಣ್ಣ ಬುರುಡೆ, ಬಿದಿರ ಕೋಲು, ಒಂದು ತಂತಿ. ಬುರುಡೆಯಲ್ಲಿ ದೋಷವಿಲ್ಲದ್ದೇ ಅಪರೂಪ, ಒಂದರ ಸೊಂಟ ಸೊಟ್ಟ, ಇನ್ನೊಂದರ ಮೈತುಂಬ ನೊಣದ ಕುಳಿ. ಯಾರು ಮಾಡಿದ್ದು ಎಂದು ಒಬ್ಬ ಅಜ್ಜನನ್ನು ಕೇಳಿದೆ. ಮಾಡಿದವನ ಹೆಸರು, ಬೀಜ ಕೊಟ್ಟವಳ ಹೆಸರು, ಬಳ್ಳಿ ಹಬ್ಬಿದ್ದ ಬೇಲಿ ಯಾರದು, ಎಲ್ಲ ಹೇಳಿದ. ಆ ವರ್ಷ ಮಳೆ ಯಾವಾಗ ಬಂತು ಎನ್ನುವುದೂ ನೆನಪಿತ್ತು.

ಉಜನಿ ಅಣೆಕಟ್ಟೆ 1980ರಲ್ಲಿ ಮುಗಿದ ಮೇಲೆ ಭೀಮೆಯ ಎರಡೂ ದಂಡೆಗೆ ಕಬ್ಬು ಬಂದಿದೆ. ಸೋರೆಗೆ ಹೊಲ ಬಿಡುವವರು ಅದರ ಲೆಕ್ಕ ಬಲ್ಲ ಕೆಲವು ಮನೆಗಳವರು. ಬೆಂಗಳೂರಿನ ರಾಜನಾರಾಯಣರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಈಗ ಫೋನಿನಲ್ಲೇ ಶ್ರುತಿ ಬರುತ್ತದೆ. ಅಟ್ಟದವು ಅಟ್ಟದಲ್ಲೇ ಉಳಿಯಲು ಅದೂ ಒಂದು ಕಾರಣ.

ಮಾಳಿಗೆ ಮನೆಯ ತಂಬೂರಿಯ ಬಗ್ಗೆ ಬಲಪುಟದಲ್ಲಿ ಬರೆದದ್ದು ಇಷ್ಟು: ಬುರುಡೆ ಕಹಿಸೋರೆ, ಹೊಲದ್ದು, ಎಡಮಗ್ಗುಲು ಚಪ್ಪಟೆ. ತಬಲಿ ತುನ್, ದುಂಬಿಯ ಹಳೆಯ ತೂತು. ಅಂಚು ಸೆಲ್ಯುಲಾಯ್ಡ್. ಕೆತ್ತನೆಯ ಎಲೆ ಮಿರಜದ ಕೈ. ಕುತ್ತಿಗೆಯ ಬಳಿ ಒಮ್ಮೆ ಬಿಚ್ಚಿ ಕೂಡಿಸಲಾಗಿದೆ, ಬುರುಡೆ ಬದಲಾಗಿರಬಹುದು. ಬಹಳ ನುಡಿದಿದೆ. ಯಾರ ಕೈ ಎನ್ನುವಲ್ಲಿ ಅಡ್ಡಗೆರೆ ಎಳೆದೆ. ಒಂದೇ ಓಣಿಯ ಅಣ್ಣತಮ್ಮಂದಿರು ಒಂದೇ ರಾಶಿಯ ಮರ, ಒಂದೇ ಗಾಡಿಯ ಬುರುಡೆ ಹಂಚಿಕೊಂಡಾಗ ಅಲ್ಲಿಂದ ಮುಂದೆ ಹೋಗಲು ಕಣ್ಣು ಸಾಲದು. ಕುಲ ತಿಳಿಯಿತು, ಜಾತಿ ತಿಳಿಯಲಿಲ್ಲ ಎಂದು ಹುಲ್ಲು ಗುರುತಿಸುವವರು ದಿನಾ ಬರೆಯುತ್ತಾರೆ. ಅವರಿಗೆ ಅದರಿಂದ ಅವಮಾನವೇನೂ ಆಗುವುದಿಲ್ಲ.

ಮನೆಯವರು ಕೇಳಿದ್ದು ಬೆಲೆ. ಅದು ನನ್ನ ಕೆಲಸವಲ್ಲ ಅಂದೆ. ಸೊಸೆ ಕೇಳಿದ್ದು ಬೇರೆ: ತಂತಿ ಹಾಕಿದರೆ ತಡೆಯುತ್ತದೆಯೇ? ತಬಲಿ ಕುದುರೆಯ ಕೆಳಗೆ ಕೊಂಚ ಕುಸಿದಿದೆ, ಮೊದಲು ಒಳಗಿನಿಂದ ಆಸರೆ ಕೊಡಬೇಕು, ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ, ಹಳೆಯ ಕುದುರೆಯನ್ನೂ ಆ ಸ್ಕ್ರೂವನ್ನೂ ಎಸೆಯದೆ ಡಬ್ಬಿಯಲ್ಲಿ ಹಾಕಿಡಿ ಅಂದೆ. ದೀಪಾವಳಿ ಮುಗಿದ ಮೇಲೆ ಮಿರಜಕ್ಕೆ ಒಯ್ಯುತ್ತಾರಂತೆ.